ಲ್ಯಾಪ್‌ಟಾಪ್ ಎದ್ದಿತು, ವೈಫೈ ಏಳಲಿಲ್ಲ

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬರೋಣ ಅಂತ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋಗಿದ್ದೆ. ತುಮಕೂರಿನ ಮನೆಗೆ ವಾಪಸ್ ಬಂದು ಮುಚ್ಚಳ ತೆಗೆದರೆ ಪರದೆ ಬಂತು, ಬರೆಯುತ್ತಿದ್ದ ಫೈಲ್ ಹಾಗೇ ಇತ್ತು. ವೈಫೈ ಮಾತ್ರ ಇಲ್ಲ. ನೆಟ್‌ವರ್ಕ್‌ಗಳ ಪಟ್ಟಿಯೇ ಖಾಲಿ. ಪಕ್ಕದ ಮೊಬೈಲ್‌ನಲ್ಲಿ ಅದೇ ವೈಫೈ ಸಲೀಸಾಗಿ ಓಡುತ್ತಿತ್ತು. ಸುಮ್ನೆ ರೌಟರ್‌ಗೆ ಬೈದು ಏನು ಬಂತು? ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ಇದು ಹಳೇ ಕಾಟ.

ಮೊದಲೆಲ್ಲ ಕಂಪ್ಯೂಟರನ್ನು ಮಲಗಿಸುವ (ಸ್ಲೀಪ್) ಕೆಲಸ ಹೆಚ್ಚಾಗಿ ಬಯಾಸ್‌ನದು, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಮೂಲ ಪ್ರೋಗ್ರಾಂನದು. 1992ರಲ್ಲಿ ಬಂದ ಎಪಿಎಂ ಪದ್ಧತಿ ಹಾಗಿತ್ತು. 1996ರ ಕೊನೆಗೆ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಹೊಸ ಪದ್ಧತಿ ತಂದವು. ಹೊಣೆ ಆಪರೇಟಿಂಗ್ ಸಿಸ್ಟಂ ಹೆಗಲಿಗೆ ಬಿತ್ತು. ಅಂದರೆ ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಂಗಳಾದ ಡ್ರೈವರ್‌ಗಳಲ್ಲಿ ಒಂದೊಂದೂ ತನ್ನ ಬಿಡಿಭಾಗವನ್ನು ಮಲಗಿಸಬೇಕು, ಎಬ್ಬಿಸಬೇಕು, ಮೊದಲಿದ್ದ ಹಾಗೆ ಕೂರಿಸಬೇಕು.

ವೈಫೈ ಕಾರ್ಡ್ ಇಲ್ಲಿ ತುಸು ಹಠಮಾರಿ. ಹೆಚ್ಚಿನ ಕಾರ್ಡ್‌ಗಳ ಒಳಗೆ ಫರ್ಮ್‌ವೇರ್ ಎಂಬ ಪುಟ್ಟ ಪ್ರೋಗ್ರಾಂ ಓಡುತ್ತಿರುತ್ತದೆ. ಅದನ್ನು ತುಂಬುವುದು ಡ್ರೈವರ್. ಕರೆಂಟ್ ಹೋದರೆ ಅದು ಅಳಿಸಿಹೋಗುತ್ತದೆ. ಎದ್ದ ತಕ್ಷಣ ಮತ್ತೆ ತುಂಬದಿದ್ದರೆ ಕಾರ್ಡ್ ಇದ್ದೂ ಇಲ್ಲದಂತೆ.

2003ರಲ್ಲಿ ವೈಫೈ ಸೇರಿಸಿದ ಇಂಟೆಲ್‌ನ ಸೆಂಟ್ರಿನೋ ಬಂದ ಮೇಲೆ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಮಾಮೂಲಾಯಿತು. ಲಿನಕ್ಸ್ ಡ್ರೈವರ್‌ಗಳು ಆ ವೇಗದಲ್ಲಿ ಬರಲಿಲ್ಲ. ಬ್ರಾಡ್‌ಕಾಮ್ ಕಾರ್ಡ್‌ಗಳಿಗೆ ಆಸಕ್ತರೇ ಒಳಗುಟ್ಟು ಕೆದಕಿ ಡ್ರೈವರ್ ಬರೆದರು. ಕಂಪನಿ ತೆರೆದ ಕೋಡ್ ಕೊಟ್ಟಿದ್ದು 2010ರಲ್ಲಿ. ಎನ್‌ಡಿಐಎಸ್‌ರ‍್ಯಾಪರ್ ಎಂಬ ಪ್ರೋಗ್ರಾಂ ಹಾಕಿ ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನಲ್ಲಿ ಓಡಿಸಿದವರೂ ಇದ್ದರು! ಇಂಥ ಜೋಡಣೆ ನಿದ್ದೆಯಿಂದ ಸರಿಯಾಗಿ ಎದ್ದರೆ ಅದೇ ಅದೃಷ್ಟ. ಅದಕ್ಕೇ ಜನ ಒಂದು ಉಪಾಯ ಕಂಡುಕೊಂಡರು: ಮಲಗುವ ಮುಂಚೆ ಡ್ರೈವರನ್ನೇ ಕಿತ್ತುಹಾಕು, ಎದ್ದ ಮೇಲೆ ಮತ್ತೆ ಹಾಕು. ಆಗ ಮಲಗಿಸುವ ಕೆಲಸ ನೋಡಿಕೊಳ್ಳುತ್ತಿದ್ದ ಪಿಎಂ-ಯುಟಿಲ್ಸ್‌ನ ಫೋಲ್ಡರ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ (ಆಜ್ಞೆಗಳ ಫೈಲ್) ಇಟ್ಟರೆ ಮುಗಿಯಿತು.

2015ರಲ್ಲಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು, ಒಳಗಿನ ಸೇವೆಗಳನ್ನೆಲ್ಲ ನಡೆಸುವ ಸಿಸ್ಟಂಡಿ ಎಂಬ ವ್ಯವಸ್ಥೆಗೆ ಹೋಯಿತು. ಸಿಸ್ಟಂಡಿ ಹಳೇ ಫೋಲ್ಡರ್ ಕಡೆ ತಿರುಗಿಯೂ ನೋಡುವುದಿಲ್ಲ. ಸ್ಕ್ರಿಪ್ಟ್ ಇದ್ದಲ್ಲೇ ಇದೆ, ಆದರೆ ಓಡುವುದಿಲ್ಲ. ಇದು ಗೊತ್ತಾಗಲು ನನಗೆ ಎರಡು ಸಂಜೆ ಬೇಕಾಯಿತು.

ಹೊಸ ಲ್ಯಾಪ್‌ಟಾಪ್‌ಗಳದ್ದು ಬೇರೆ ಕಥೆ. ಎಷ್ಟೋ ಕಡೆ ಎಸ್3 ಎಂಬ ಗಾಢ ನಿದ್ದೆಯೇ ಈಗಿಲ್ಲ. ಬರೀ ತೂಕಡಿಕೆ. ಆಗ ಕಾರ್ಡ್ ಪೂರ್ತಿ ಆರುವುದೂ ಇಲ್ಲ, ಪೂರ್ತಿ ಎಚ್ಚರವೂ ಇರುವುದಿಲ್ಲ.

ನನ್ನದು ಹಳೇ ಯಂತ್ರ. ಮೊದಲು ರೇಡಿಯೋ ಸ್ಥಿತಿ ತೋರಿಸುವ ಆರ್‌ಎಫ್‌ಕಿಲ್ ಆಜ್ಞೆ ಕೊಟ್ಟು ನೋಡಿದೆ, ರೇಡಿಯೋ ಆಫ್ ಆಗಿರಲಿಲ್ಲ. ಒಳಗಿನ ಕಾರ್ಡ್‌ಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡ್ ಕಾಣುತ್ತಿತ್ತು. ಅಲ್ಲೇ ಕಾಣದಿದ್ದರೆ ಡ್ರೈವರ್ ಕಿತ್ತು ಹಾಕಿ ಪ್ರಯೋಜನ ಕಡಿಮೆ, ಪೂರ್ತಿ ಆಫ್ ಮಾಡಿ ನೋಡಬೇಕು. ಕರ್ನಲ್ ಲಾಗ್‌ನಲ್ಲಿ (ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆ) ಫರ್ಮ್‌ವೇರ್ ತುಂಬಲಿಲ್ಲ ಎಂಬ ಸಾಲು ಸಿಕ್ಕಿತು. ಮಾಡ್‌ಪ್ರೋಬ್ ಆಜ್ಞೆಯಿಂದ ಡ್ರೈವರ್ ತೆಗೆದು ಮತ್ತೆ ಹಾಕಿದೆ. ವೈಫೈ ಬಂತು, ರೀಸ್ಟಾರ್ಟ್ ಬೇಕಾಗಲಿಲ್ಲ. ಹಳೇ ಸ್ಕ್ರಿಪ್ಟನ್ನೇ ತಿದ್ದಿ ಸಿಸ್ಟಂಡಿಯ ಸಿಸ್ಟಂ-ಸ್ಲೀಪ್ ಫೋಲ್ಡರ್‌ಗೆ ಹಾಕಿದೆ. ಈಗ ಮುಚ್ಚಳ ತೆಗೆದ ಮೇಲೆ ವೈಫೈ ಬರಲು ಮೂರ್ನಾಲ್ಕು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಅಷ್ಟೇ.