ಜೋಳದ ಸುಳಿಯೊಳಗೆ ಕೂತ ಹುಳು

ಯಲಹಂಕದಲ್ಲಿ ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟಿದೆ. ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಅಲ್ಲಿ ನಾಲ್ಕು ಸಾಲು ಬಿಳಿಜೋಳ ಬಿತ್ತಿದ್ದೆ. ಬೀಜ ಕೊಟ್ಟವರು ಮಹಡಿ ಮನೆಯ ಅಜ್ಜಿ, ವಿಜಯಪುರದ ಕಡೆಯವರು. ಸಸಿ ಗೇಣುದ್ದ ಬಂದಿತ್ತು. ಮೂರನೇ ವಾರ ಒಂದೊಂದೇ ಗಿಡದ ನಡುಸುಳಿ ಒಣಗತೊಡಗಿತು. ಸುತ್ತಲಿನ ಎಲೆಗಳು ಮಾತ್ರ ಹಸಿರಾಗೇ ಇದ್ದವು. ಅಜ್ಜಿ ಬಂದು ಒಂದು ಸುಳಿ ಹಿಡಿದೆಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬುಡ ಕೊಳೆತು ನಾರುತ್ತಿತ್ತು.

"ತಡಾ ಮಾಡಿದಿ ತಮ್ಮಾ. ಹಸ್ತ ಮಳಿ ದಾಟೂದರಾಗ ಬಿತ್ತಬೇಕಿತ್ತು" ಅಂದರು.

ಇದು ಸುಳಿ ನೊಣದ ಕೆಲಸ. ವಿಜ್ಞಾನಿಗಳು ಇದನ್ನು ಅಥೆರಿಗೋನಾ ಸೊಕ್ಕಾಟಾ ಅನ್ನುತ್ತಾರೆ. ನಮ್ಮ ಮನೆ ನೊಣದ ಬಳಗವೇ, ಗಾತ್ರದಲ್ಲಿ ಚಿಕ್ಕದು. ಎಲೆಯ ಅಡಿಭಾಗದಲ್ಲಿ, ನಡುನರದ ಉದ್ದಕ್ಕೆ ಒರಗಿದಂತೆ ಒಂದು ಬಿಳಿ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮರಿ ಹೊರಬರುತ್ತದೆ, ಅದೂ ಹೆಚ್ಚಾಗಿ ನಸುಕಿನಲ್ಲಿ. ಯಾಕೆಂದರೆ ಆಗ ಸುಳಿಯ ಎಲೆ ಒದ್ದೆಯಾಗಿರುತ್ತದೆ. ಆ ತೆಳು ನೀರಿನ ಪದರದ ಮೇಲೆ ಹುಳು ಜಾರಿಕೊಂಡು ಒಳಗಿಳಿಯುತ್ತದೆ. ಸುಳಿ ಒಣಗಿದ್ದರೆ ಅಷ್ಟು ದೂರ ತೆವಳುವುದೇ ಕಷ್ಟ. ಈ ತೇವ ಬರೀ ಇಬ್ಬನಿಯಲ್ಲ, ಗಿಡವೇ ಒಸರುವ ನೀರು ಅನ್ನುವುದು ನನಗೆ ತುಂಬಾ ಹಿಡಿಸಿದ ಸಂಗತಿ. ತೇವ ಕಡಿಮೆ ಇರುವ, ಎಳೆಯದರಲ್ಲಿ ಎಲೆ ಮಿರುಗುವ, ಅಡಿಯಲ್ಲಿ ಸಣ್ಣ ರೋಮವಿರುವ ತಳಿಗಳಿಗೆ ಕಾಟ ಕಡಿಮೆ. ನಮ್ಮ ಹಿಂಗಾರಿನ ಮಾಲ್ದಂಡಿ, ಅಂದರೆ ಎಂ 35-1, ಸುಳಿ ನೊಣವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ.

ಒಳಗೆ ಹೋದ ಹುಳು ಬೆಳೆಯುವ ತುದಿಯನ್ನೇ ಕತ್ತರಿಸಿ, ಕೊಳೆತದ್ದನ್ನು ತಿನ್ನುತ್ತದೆ. ಹಾಗಾಗಿ ಸುಳಿ ಒಣಗಿದ ಮೇಲೆ ಔಷಧಿ ಹೊಡೆದರೆ ಸುಮ್ನೆ ದುಡ್ಡು ದಂಡ. ಆ ಸುಳಿ ಮತ್ತೆ ಚಿಗುರುವುದಿಲ್ಲ.

ಅಜ್ಜಿ ಹೇಳಿದ ತಡದ ಲೆಕ್ಕ ಹೀಗಿದೆ. ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ವಾರ ಸಾಕು. ಮೊದಲು ಬಿತ್ತಿದ ಹೊಲದಲ್ಲಿ ಹುಟ್ಟಿದ ನೊಣಗಳು ತಡವಾಗಿ ಬಿತ್ತಿದವರ ಎಳೆ ಪೈರಿಗೆ ಮುತ್ತುತ್ತವೆ. ಪೈರಿಗೆ ಅಪಾಯ ಮೊದಲ ಒಂದು ತಿಂಗಳು ಮಾತ್ರ. ಅದಕ್ಕೇ ಮುಂಗಾರಿನಲ್ಲಿ ಮಳೆ ಬಿದ್ದ ವಾರ ಹತ್ತು ದಿನದೊಳಗೆ, ಹಿಂಗಾರಿನಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ, ಅಕ್ಕಪಕ್ಕದವರೆಲ್ಲ ಒಟ್ಟಿಗೆ ಬಿತ್ತಬೇಕು. ತಡವಾದರೆ ಬೀಜ ಸ್ವಲ್ಪ ಜಾಸ್ತಿ ಹಾಕಿ, ಸುಳಿ ಒಣಗಿದ ಸಸಿಗಳನ್ನು ಕಿತ್ತು ನಾಶ ಮಾಡಬೇಕು. ಕೀಟನಾಶಕಗಳಾದ ಇಮಿಡಾಕ್ಲೋಪ್ರಿಡ್ ಅಥವಾ ಥಯಾಮೆಥಾಕ್ಸಾಮ್‌ನಿಂದ ಬೀಜೋಪಚಾರ ಮಾಡಿದರೆ ಎಳೆ ಸಸಿಗೆ ರಕ್ಷಣೆ ಸಿಗುತ್ತದೆ. ಆದರೂ ನನ್ನ ಮಟ್ಟಿಗೆ ಬಿತ್ತನೆಯ ದಿನವೇ ಮೊದಲ ಔಷಧಿ.

ಈ ಸಲ ಸೆಪ್ಟೆಂಬರ್ ಕೊನೆಯಲ್ಲೇ ಅಜ್ಜಿಯೇ ನಿಂತು ಬಿತ್ತಿಸಿದರು. ಹತ್ತನೇ ದಿನ ಬೆಳಿಗ್ಗೆ ಇಬ್ಬರೂ ಕೂತು ಎಲೆ ಮಗುಚಿ ನೋಡಿದೆವು. ನಾಲ್ಕು ಸಾಲಿನಲ್ಲಿ ಎರಡೇ ಮೊಟ್ಟೆ ಸಿಕ್ಕವು. ಅಜ್ಜಿ ಉಗುರಿನಿಂದ ಕೆರೆದು ತೆಗೆದರು.