ಕಾರ್ಡ್ ಇದೆ, ಅರ್ಜಿ ಎಲ್ಲಿ?

ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು ಅನ್ನೋದು ನನಗೆ ಕ್ಯಾಲೆಂಡರ್ ನೋಡದೆಯೇ ಗೊತ್ತಾಗುತ್ತದೆ. ಹಾಲ್ ಟಿಕೆಟ್ ಕೈಗೆ ಬಂದ ದಿನದಿಂದ ಫೋನ್ ಶುರು. “ಮೇಡಂ, ಕಾಲೇಜಿನವರು ನಮ್ಮ ಹುಡುಗನಿಗೆ ಏನೂ ವ್ಯವಸ್ಥೆ ಮಾಡಿಲ್ಲ.” ಏನು ವ್ಯವಸ್ಥೆ ಬೇಕು ಅಂತ ಕೇಳಿದ್ರಿ ಅಂದರೆ ಆ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ, ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯ ಮಾತು. “ಅಡ್ಮಿಷನ್ ಟೈಮಲ್ಲೇ ಯುಡಿಐಡಿ ಕಾರ್ಡ್ ಜೆರಾಕ್ಸ್ ಕೊಟ್ಟಿದೀವಲ್ಲ! ಅವರಿಗೆ ಗೊತ್ತಾಗಲ್ವಾ?”

ಗೊತ್ತಾಗಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಮನಃಶಾಸ್ತ್ರಜ್ಞೆ. ನನ್ನ ಹತ್ತಿರ ಬರುವವರು ಜಾಸ್ತಿ ಕಾಲೇಜು ಮಕ್ಕಳೇ. ಓದು-ಬರಹದ ತೊಡಕು ಇರುವವರು, ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವವರು. ಮಂಡ್ಯ, ಮಳವಳ್ಳಿ, ನಾಗಮಂಗಲದಿಂದ ಬೆಳಗಿನ ಬಸ್ಸಿಗೆ ಹೊರಟು ಬರುತ್ತಾರೆ. ಪ್ಲಾಸ್ಟಿಕ್ ಫೈಲಿನಲ್ಲಿ ಎಲ್ಲ ಕಾಗದ ಜೋಡಿಸಿಕೊಂಡಿರುತ್ತಾರೆ. ಕಾರ್ಡು, ಆಸ್ಪತ್ರೆ ಚೀಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ. ಏನು ಬೇಕು ಅಂತ ಬರೆದ ಒಂದು ಹಾಳೆ ಮಾತ್ರ ಇರುವುದಿಲ್ಲ.

ಯುಡಿಐಡಿ ಕಾರ್ಡಿನಲ್ಲಿ ಏನಿದೆ? ನಿಮ್ಮ ಹೆಸರು, ಯಾವ ತರಹದ ವಿಕಲತೆ, ಶೇಕಡಾ ಎಷ್ಟು. ಅಷ್ಟೇ. ನಿಮಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಬೇಕೋ, ನೀವು ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್ ಬೇಕೋ, ಕೆಳಗಿನ ಮಹಡಿಯ ಕೋಣೆ ಬೇಕೋ ಅದರಲ್ಲಿಲ್ಲ. ಬಸ್ ಪಾಸ್ ತೋರಿಸಿದರೂ ಕಂಡಕ್ಟರ್ “ಎಲ್ಲಿಗೆ?” ಅಂತ ಕೇಳೇ ಕೇಳುತ್ತಾನೆ ಅಲ್ವಾ? ಕಾಲೇಜಿನ ಕೇಸ್ ವರ್ಕರ್ ಅಷ್ಟೂ ಕೇಳುವುದಿಲ್ಲ. ಜೆರಾಕ್ಸನ್ನು ಅಡ್ಮಿಷನ್ ಫೈಲಿಗೆ ಪಂಚ್ ಮಾಡಿ ಬೀರುವಿಗೆ ಇಡುತ್ತಾರೆ. ಅವರಿಗೆ ಅದು ಸೀಟು ಮತ್ತು ಫೀಸಿನ ದಾಖಲೆ. ಪರೀಕ್ಷಾ ವಿಭಾಗದ ಮೇಜಿಗೆ ಅದು ತಾನಾಗಿ ನಡೆದುಕೊಂಡು ಹೋಗುವುದಿಲ್ಲ.

ಇನ್ನೂ ಕಷ್ಟ ಯಾವಾಗ ಗೊತ್ತಾ? ಒಳ್ಳೆಯ ಮನಸ್ಸಿನ ಕಾಲೇಜು ಕಾರ್ಡ್ ನೋಡಿ ತಾನೇ ಊಹೆ ಮಾಡಿದಾಗ. ಮಳವಳ್ಳಿ ಕಡೆಯ ಒಬ್ಬ ಹುಡುಗ ಬಿ.ಎ. ಓದುತ್ತಿದ್ದ. ಮಂದದೃಷ್ಟಿ. ಹಾಳೆಯನ್ನು ಮೂಗಿನ ಹತ್ತಿರಕ್ಕೆ ಹಿಡಿದು, ಸ್ವಲ್ಪ ಎಡಕ್ಕೆ ತಲೆ ವಾಲಿಸಿ ಓದುತ್ತಾನೆ. 20 ಪಾಯಿಂಟ್ ಅಕ್ಷರ ಆದರೆ ಸಲೀಸು. ದಪ್ಪ ಮೊನೆಯ ಕಪ್ಪು ಪೆನ್ನಲ್ಲಿ ಮುದ್ದಾಗಿ ಬರೆಯುತ್ತಾನೆ ಕೂಡ. ಕಾರ್ಡಿನಲ್ಲಿ ದೃಷ್ಟಿದೋಷ ಅಂತಿದೆ, ಸರಿ, ಸ್ಕ್ರೈಬ್ ಕೊಟ್ಟುಬಿಟ್ಟರು. ಅರ್ಥಶಾಸ್ತ್ರದ ಪೇಪರ್. ಸ್ಕ್ರೈಬ್ ಆಗಿ ಬಂದ ಪಿಯುಸಿ ಹುಡುಗ ವಿಜ್ಞಾನದವನು. ಇವನು ಬೇಡಿಕೆ ರೇಖೆ ಬರೆಯಪ್ಪಾ ಅಂದ. ಅವನು ಪಾಪ, ಬೇಡಿಕೆ ಅಂದಮೇಲೆ ಏರಬೇಕು ಅಂದುಕೊಂಡು ಕೆಳಗಿನಿಂದ ಮೇಲಕ್ಕೆ ಎಳೆದ. ಇವನು ಗಾಳಿಯಲ್ಲಿ ಬೆರಳಾಡಿಸಿ ಹಿಂಗಲ್ಲ, ಹಿಂಗೆ ಅಂತ ತೋರಿಸಿದರೆ ಮೇಲ್ವಿಚಾರಕರು “ಏನ್ರೀ ಅದು ಸನ್ನೆ?” ಅಂತ ಗದರಿದರಂತೆ. ಇಲ್ಲಿ ಯಾರದು ತಪ್ಪು? ಕಾಲೇಜು ಸಹಾಯ ಮಾಡಿತು. ಹುಡುಗ ಕಾರ್ಡ್ ಕೊಟ್ಟಿದ್ದ. ಆದರೆ “ನನಗೆ ಓದಲು ಕಷ್ಟ, ಬರೆಯಲು ಕಷ್ಟವಿಲ್ಲ” ಅನ್ನುವ ಮಾತು ಯಾವ ಕಾಗದದಲ್ಲೂ ಇರಲಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು ಕಾಯಿಲೆಯ ಹೆಸರನ್ನಲ್ಲ. ಪರೀಕ್ಷಾ ಕೋಣೆಯಲ್ಲಿ ಬೆಲ್ ಹೊಡೆದಾಗಿನಿಂದ ಉತ್ತರಪತ್ರಿಕೆ ಕೊಡುವವರೆಗೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯ? ಮೆಟ್ಟಿಲಲ್ಲಾ, ಓದುವುದರಲ್ಲಾ, ಬರೆಯುವುದರಲ್ಲಾ, ಕೇಳಿಸಿಕೊಳ್ಳುವುದರಲ್ಲಾ? ಅರ್ಜಿ ಹುಟ್ಟುವುದು ಅಲ್ಲಿಂದ. ಆ ಹುಡುಗನ ಅರ್ಜಿ ಕೊನೆಗೆ ಹೀಗಾಯಿತು: “ನನಗೆ ಮಂದದೃಷ್ಟಿ ಇದೆ. ಸಾಮಾನ್ಯ ಗಾತ್ರದ ಅಕ್ಷರ ಓದಲು ಆಗುವುದಿಲ್ಲ. ಪ್ರಶ್ನೆಪತ್ರಿಕೆಯನ್ನು 20 ಪಾಯಿಂಟ್ ಅಕ್ಷರದಲ್ಲಿ ಕೊಡಬೇಕು. 3 ಗಂಟೆಯ ಪರೀಕ್ಷೆಗೆ 1 ಗಂಟೆ ಹೆಚ್ಚುವರಿ ಸಮಯ ಬೇಕು. ನಾನೇ ಬರೆಯುತ್ತೇನೆ, ಸ್ಕ್ರೈಬ್ ಬೇಡ. ಕಾರ್ಡಿನ ಪ್ರತಿ ಲಗತ್ತಿಸಿದೆ.” ಆರು ಸಾಲು. ಸಾಕು.

ಸ್ಕ್ರೈಬ್ ಬೇಡ ಅಂದರೆ ಹೆಚ್ಚಿನ ಸಮಯವೂ ಸಿಗುವುದಿಲ್ಲ ಅಂತ ಅವನಿಗೆ ಯಾರೋ ಹೇಳಿದ್ದರು. ಅದು ಸರಿಯಲ್ಲ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಸ್ಕ್ರೈಬ್ ಪಡೆದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಅಂದಿತ್ತು. ಶೇ. 40 ಅಥವಾ ಹೆಚ್ಚು ವಿಕಲತೆ ಇದ್ದು, ಸ್ಕ್ರೈಬ್ ಬೇಡ ಅನ್ನುವವರಿಗೂ 3 ಗಂಟೆಯ ಪರೀಕ್ಷೆಗೆ ಕನಿಷ್ಠ 1 ಗಂಟೆ ಕೊಡಬಹುದು ಅಂತಲೂ ಬರೆದಿತ್ತು. ಇಂಥ ಮಾರ್ಗಸೂಚಿಗಳು ಬದಲಾಗುತ್ತಿರುತ್ತವೆ. ಸ್ಕ್ರೈಬ್ ಏನು ಓದಿರಬೇಕು, ಯಾರು ಕರೆತರಬೇಕು ಅನ್ನುವ ನಿಯಮ ಅಂತೂ ನಿಮ್ಮ ವಿಶ್ವವಿದ್ಯಾಲಯದ ಈಗಿನ ಸುತ್ತೋಲೆ ನೋಡಿಯೇ ತಿಳಿಯಬೇಕು. ನನ್ನ ಅಂಕಣದ ಕಟಿಂಗ್ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ.

ಈ ಶೇ. 40ರ ವಿಷಯದಲ್ಲೂ ಗೊಂದಲ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ ಉನ್ನತ ಶಿಕ್ಷಣದ ಸೀಟಿಗೆ ಕನಿಷ್ಠ ಶೇ. 5 ಮೀಸಲಾತಿ ಇದೆ. ಅದಕ್ಕೆ ಶೇ. 40 ಬೇಕು. ಓದಲು, ಪರೀಕ್ಷೆ ಬರೆಯಲು ಬೇಕಾದ ಅನುಕೂಲ ಕೇಳುವುದಕ್ಕೆ ಕಾಯ್ದೆ ಆ ಗೆರೆ ಹಾಕಿಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಆ ಪ್ರಕರಣದ ಅಭ್ಯರ್ಥಿಗೆ ಬರೆಯುವಾಗ ಕೈ ಸೆಳೆತ. ಪ್ರಮಾಣಪತ್ರದಲ್ಲಿದ್ದದ್ದು ಬರೀ ಶೇ. 6. ಆಮೇಲೆ 2022ರಲ್ಲಿ ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯಲು ತೊಂದರೆ ಇರುವವರಿಗೂ ಪ್ರತ್ಯೇಕ ಮಾರ್ಗಸೂಚಿ ಬಂತು. ಅದಕ್ಕೆ ಸರ್ಕಾರಿ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು ಅಂದಿತ್ತು. ನಾನು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ನಡೆಯುವುದಿಲ್ಲ. ಅದಕ್ಕಾಗಿ ನನ್ನ ಮೇಲೆ ಮುನಿಸಿಕೊಂಡವರೂ ಇದ್ದಾರೆ. ಮೈಸೂರಿನವರು ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನಲ್ಲಿ ವಿಚಾರಿಸಿ. ಕಿವಿ ಮತ್ತು ಮಾತಿನ ತಪಾಸಣೆಗೆ ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಿಂದಲೂ. ಇಷ್ಟು ಹತ್ತಿರ ಇಟ್ಟುಕೊಂಡು ಬೆಂಗಳೂರಿಗೆ ಓಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಕಲಿಕಾ ನ್ಯೂನತೆಯ, ಅಂದರೆ ಓದು-ಬರಹದ ತೊಡಕಿನ ಮಕ್ಕಳಿಗೆ ಒಂದು ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಬಳಸಿದ ಪ್ರಮಾಣಪತ್ರವನ್ನೇ ಡಿಗ್ರಿಗೂ ತರುತ್ತೀರಿ. 18 ವರ್ಷಕ್ಕೆ ಮತ್ತೆ ತಪಾಸಣೆ ಮಾಡಿಸಿ ಹೊಸದು ತೆಗೆದುಕೊಳ್ಳಬೇಕು. ಪಿಯುಸಿ ರಜೆಯಲ್ಲೇ ಮಾಡಿಸಿಬಿಡಿ. ಮಂಡಳಿಯ ದಿನ ಸಿಗುವುದಕ್ಕೇ ವಾರಗಟ್ಟಲೆ ಹಿಡಿಯಬಹುದು.

ಅರ್ಜಿ ಬರೆಯಿರಿ ಅಂದರೆ ಕೆಲವರು ಬರೆಯುತ್ತಾರೆ, ಆದರೆ ಹೇಗೆ! ನಾಗಮಂಗಲದ ಒಬ್ಬ ಅಪ್ಪ ಎರಡು ಪುಟ ಬರೆದು ತಂದಿದ್ದರು. ಮಳೆಯಾಶ್ರಿತ ಜಮೀನು, ಸಾಲ, ಮಗಳು ಹುಟ್ಟಿದಾಗಿನ ಕಷ್ಟ, ಕೊನೆಗೆ “ತಾವು ದೊಡ್ಡ ಮನಸ್ಸು ಮಾಡಿ ಕೈ ಹಿಡಿಯಬೇಕು.” ಓದಿ ನನಗೇ ಗಂಟಲು ಕಟ್ಟಿತು. ಆದರೆ ಮಗಳಿಗೆ ಏನು ಬೇಕು ಅಂತ ಎಲ್ಲೂ ಇಲ್ಲ. ಅವಳನ್ನೇ ಕೇಳಿದೆ. ಶ್ರವಣಸಾಧನ ಹಾಕಿಕೊಂಡಿದ್ದಳು. ಲಿಖಿತ ಪರೀಕ್ಷೆಗೆ ಏನೂ ಬೇಡವಂತೆ. ಭಯ ಇರುವುದು ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ. ಹೊರಗಿನಿಂದ ಬಂದ ಪರೀಕ್ಷಕರು ರೆಕಾರ್ಡ್ ಪುಸ್ತಕದಲ್ಲಿ ಕಣ್ಣಿಟ್ಟುಕೊಂಡು ತಲೆ ಎತ್ತದೆ ಪ್ರಶ್ನೆ ಕೇಳುತ್ತಾರೆ. ತುಟಿ ಕಾಣುವುದಿಲ್ಲ, ಮೇಲೆ ಫ್ಯಾನಿನ ಸದ್ದು. ಅವಳು ಸುಮ್ನೆ ನಿಂತರೆ “ಓದಿಲ್ಲ” ಅಂತ ಮುಂದಕ್ಕೆ ಹೋಗುತ್ತಾರೆ. ಅಪ್ಪನ ಎರಡು ಪುಟದ ಬದಲು ಅವಳು ಎರಡೇ ವಾಕ್ಯ ಬರೆದಳು. ಪರೀಕ್ಷಕರು ಎದುರು ಮುಖ ಮಾಡಿ ಕೇಳಬೇಕು, ಅರ್ಥವಾಗದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಇದಕ್ಕೆ ಕಾಲೇಜಿಗೆ ಒಂದು ರೂಪಾಯಿ ಖರ್ಚಿಲ್ಲ.

ಕಾಯಿಲೆಯ ವಿವರ ಎಲ್ಲರಿಗೂ ಗೊತ್ತಾಗಬೇಕೆಂದೇನೂ ಇಲ್ಲ. ಮಾನಸಿಕ ಕಾಯಿಲೆಯೂ ಕಾಯ್ದೆಯ 21 ವಿಧಗಳಲ್ಲಿ ಒಂದು. ಅಂಥ ಮಕ್ಕಳು ಕೇಳುವುದಕ್ಕೇ ಹಿಂಜರಿಯುತ್ತಾರೆ. ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಾಂಶುಪಾಲರಿಗೆ ಕೊಡಿ. ಕೋಣೆಯಲ್ಲಿ ಕುಳಿತ ಮೇಲ್ವಿಚಾರಕರಿಗೆ “ಇವರಿಗೆ ಇಷ್ಟು ಹೆಚ್ಚಿನ ಸಮಯ” ಅಂತ ತಿಳಿದರೆ ಸಾಕು.

ಯಾರಿಗೆ ಕೊಡಬೇಕು? ಸ್ವಾಯತ್ತ ಕಾಲೇಜಾದರೆ ಅಲ್ಲಿನ ಪರೀಕ್ಷಾ ನಿಯಂತ್ರಕರಿಗೆ. ಇಲ್ಲದಿದ್ದರೆ ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯದ ಪರೀಕ್ಷಾಂಗ ಕುಲಸಚಿವರಿಗೆ. ಮಂಡ್ಯದವರು ತಮ್ಮ ಕಾಲೇಜು ಈಗ ಯಾವ ವಿಶ್ವವಿದ್ಯಾಲಯದ ಕೆಳಗಿದೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಸೆಮಿಸ್ಟರ್ ಶುರುವಾದ ತಿಂಗಳಲ್ಲೇ ಕೊಡಿ. ಎರಡು ಪ್ರತಿ ಒಯ್ದು, ಕಚೇರಿಯ ಟಪಾಲು ವಿಭಾಗದಲ್ಲಿ ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸಂಕೋಚ ಬೇಡ, ಅದು ಅವರ ದಿನದ ಕೆಲಸ. ಅನುಮತಿ ಪತ್ರ ಬಂದಮೇಲೆ ಅದರ ಜೆರಾಕ್ಸ್ ಹಾಲ್ ಟಿಕೆಟ್ ಜೊತೆ ಇರಲಿ. ಪರೀಕ್ಷೆ ದಿನ ಕೋಣೆಗೆ ಬರುವ ಮೇಷ್ಟ್ರಿಗೆ ಇದ್ಯಾವುದೂ ಗೊತ್ತಿರದೇ ಇರಬಹುದು.

“ನಮ್ಮಲ್ಲಿ ಅಂಥ ಪದ್ಧತಿ ಇಲ್ಲ” ಅಂದರೆ ಜಗಳ ಆಡಬೇಡಿ. “ಹಾಗಂತ ಬರೆದುಕೊಡಿ ಸರ್” ಅನ್ನಿ. ಈ ಮಾತಿಗೆ ಎಷ್ಟೋ ಬಾಗಿಲು ತೆರೆದದ್ದು ನೋಡಿದ್ದೇನೆ. ಅಷ್ಟಕ್ಕೂ ಆಗದಿದ್ದರೆ ದೂರು ಕೊಡಬಹುದು. ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಆದರೆ ದೂರು ಕೊಡುವವನ ಕೈಯಲ್ಲಿ ಸೀಲು ಬಿದ್ದ ಅರ್ಜಿಯೇ ಇಲ್ಲದಿದ್ದರೆ ಆಯುಕ್ತರು ಯಾವುದರ ಬಗ್ಗೆ ವಿಚಾರಣೆ ಮಾಡಬೇಕು?

ಮಳವಳ್ಳಿ ಹುಡುಗನ ಅರ್ಜಿ ಮಂಜೂರಾಯಿತು. ಪ್ರಶ್ನೆಪತ್ರಿಕೆ ದೊಡ್ಡ ಅಕ್ಷರದಲ್ಲೇ ಬಂತು, ದೊಡ್ಡ ಹಾಳೆಯಲ್ಲಿ. ಡೆಸ್ಕಿನ ಮೇಲೆ ಅದನ್ನು ಹರಡಿದರೆ ಉತ್ತರಪತ್ರಿಕೆಗೆ ಜಾಗವೇ ಇಲ್ಲ. ಪರೀಕ್ಷೆ ಉದ್ದಕ್ಕೂ ಮಡಚಿ, ಬಿಚ್ಚಿ, ತೊಡೆ ಮೇಲಿಟ್ಟುಕೊಂಡು ಬರೆದನಂತೆ. ಈ ಸಲದ ಅರ್ಜಿಗೆ ಏಳನೇ ಸಾಲು ಸೇರಿಸಿದ್ದಾನೆ: “ಅಗಲವಾದ ಮೇಜು ಕೊಡಬೇಕು.”