ಅಪ್ಲಿಕ್ ಹೂವಿನ ಅಂಚು ಕೂರಿಸಲು ದುಬಾರಿ ಸಾಮಾನು ಬೇಕಾ?

ಪ್ರಶ್ನೆ: ಹಳೆ ಸೀರೆ, ಟೈಲರ್ ಅಂಗಡಿಯ ಚೂರು ಬಟ್ಟೆ ಸೇರಿಸಿ ಕೌದಿ ಹೊಲಿಯಲು ಶುರು ಮಾಡಿದ್ದೇನೆ. ಮೇಲೆ ಅಪ್ಲಿಕ್ ಹೂವು, ಅಂದರೆ ಬಟ್ಟೆಯಲ್ಲೇ ಕತ್ತರಿಸಿ ಮೇಲಿಟ್ಟು ಹೊಲಿಯುವ ಹೂವು, ಕೂರಿಸುವ ಆಸೆ. ವಿಡಿಯೊಗಳಲ್ಲಿ ಉಣ್ಣೆಯ ಮ್ಯಾಟ್, ಮರದ ಕ್ಲ್ಯಾಪರ್, ಶಾಖ ತಡೆಯುವ ಪ್ಲಾಸ್ಟಿಕ್ ವೃತ್ತ ಅಂತ ಏನೇನೋ ತೋರಿಸುತ್ತಾರೆ. ಬೆಲೆ ನೋಡಿ ಸುಸ್ತಾಯಿತು. ಇವೆಲ್ಲ ಬೇಕೇ ಬೇಕಾ? (ಮಧುಗಿರಿಯ ಓದುಗರೊಬ್ಬರು)

ಬೇಡ. ಇಸ್ತ್ರಿ ಪೆಟ್ಟಿಗೆ ಸರಿಯಾಗಿದ್ದರೆ ಸಾಕು, ಉಳಿದದ್ದು ಮನೆಯಲ್ಲೇ ಸಿಗುತ್ತದೆ. ನಮ್ಮಜ್ಜಿಗೆ ಅದೂ ಇರಲಿಲ್ಲ. ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ ಬಟ್ಟೆ ಮೇಲೆ ಆಡಿಸುತ್ತಿದ್ದರು, ಆಮೇಲೆ ಮಡಿಚಿ ಹಾಸಿಗೆ ಕೆಳಗೆ ಇಟ್ಟು ಮಲಗುತ್ತಿದ್ದರು.

ಆ ಹಾಸಿಗೆಯ ಉಪಾಯದಲ್ಲೇ ಎಲ್ಲ ಇದೆ. ಹತ್ತಿ ಬಟ್ಟೆಯ ಎಳೆ ಬಿಸಿಗೆ, ತೇವಕ್ಕೆ ಸಡಿಲವಾಗುತ್ತದೆ. ಒಣಗಿ ತಣ್ಣಗಾಗುವಾಗ ಯಾವ ಆಕಾರದಲ್ಲಿ ಇರುತ್ತದೋ ಅದನ್ನೇ ಹಿಡಿದುಕೊಳ್ಳುತ್ತದೆ. ನಾವು ಮಾಡುವ ತಪ್ಪು ಅಂದರೆ, ಬಿಸಿ ಆರುವ ಮೊದಲೇ ಬಟ್ಟೆ ಎತ್ತಿಬಿಡುತ್ತೇವೆ. ಮಡಿಕೆ ಬಿಚ್ಚಿಕೊಳ್ಳುತ್ತದೆ.

ಕ್ಲ್ಯಾಪರ್ ಅಂದರೆ ಪಾಲಿಶ್ ಇಲ್ಲದ ಒಂದು ಮರದ ತುಂಡು, ಅಷ್ಟೇ. ಇಸ್ತ್ರಿ ಎತ್ತಿದ ತಕ್ಷಣ ಅದನ್ನು ಮಡಿಕೆ ಮೇಲೆ ಒತ್ತಿ ಹಿಡಿದರೆ ಆವಿಯನ್ನು ಮರ ಹೀರಿಕೊಳ್ಳುತ್ತದೆ, ಬಟ್ಟೆ ಒತ್ತಡದಲ್ಲೇ ಆರುತ್ತದೆ. ಬಡಗಿ ಹತ್ತಿರ ಒಂದು ಗೇಣುದ್ದದ ತುಂಡು ಕೇಳಿ, ಮರಳು ಕಾಗದದಲ್ಲಿ ಉಜ್ಜಿಕೊಳ್ಳಿ. ಆದರೆ ಯಾವ ಮರ ಅಂತ ಕೇಳದೆ ತರಬೇಡಿ. ನಮ್ಮ ಗುಬ್ಬಿ, ಚೇಳೂರು ಕಡೆ ಹಲಸು ಜಾಸ್ತಿ ಅಲ್ವಾ? ಹಲಸಿನ ಮರದಿಂದ ಹಳದಿ ಬಣ್ಣವನ್ನೇ ತೆಗೆಯುತ್ತಾರೆ. ಹೊನ್ನೆಯೂ ಬೇಡ, ಆ ಮರದ ಲೋಟದಲ್ಲಿ ನೀರಿಟ್ಟರೆ ನೀರೇ ಕಂದಾಗುತ್ತದೆ. ಬಿಳಿ ಬಟ್ಟೆ ಮೇಲೆ ಆವಿಯ ಜೊತೆ ಇವುಗಳ ಸಹವಾಸ ಬೇಡ. ಬಣ್ಣ ಬಿಡದ, ತೆಳು ಬಣ್ಣದ ಮರ ಇರಲಿ. ನಾನು ಮೊದಲು ಚಪಾತಿ ಲಟ್ಟಣಿಗೆ ಬಳಸಿದೆ. ತೊಳೆದೇ ಇಟ್ಟಿದ್ದೆ. ಬಿಸಿ ತಾಗಿದ್ದೇ ತಡ, ಒಳಗಿದ್ದ ತುಪ್ಪ ಹೊರಗೆ ಬಂತು. ಒಂದು ಬಿಳಿ ದಾಸವಾಳ ಕಸದ ಬುಟ್ಟಿ ಸೇರಿತು.

ಉಣ್ಣೆ ಮ್ಯಾಟ್ ಬದಲು ಹಳೆ ಕಂಬಳಿ. ಶಿರಾ ಕಡೆಯ ಕುರಿ ಕಂಬಳಿ ಮನೆಯಲ್ಲಿದ್ದರೆ ಅದನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಹಳೆ ಹತ್ತಿ ಪಂಚೆ ಹಾಸಿ. ಉಣ್ಣೆ ಬಿಸಿಯನ್ನು ಹಿಡಿದಿಟ್ಟುಕೊಂಡು ಕೆಳಗಿನಿಂದಲೂ ಶಾಖ ಕೊಡುತ್ತದೆ, ಹೊಲಿಗೆಯ ಉಬ್ಬು ಮೆತ್ತಗೆ ಒಳಗೆ ಕೂರುತ್ತದೆ. ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಆವಿಗೆ ಅಂಟಂಟಾಗಬಹುದು. ಅದಕ್ಕೇ ಹಳೆಯದು ಒಳ್ಳೆಯದು. ಅಂಗಡಿಯ ಮೆತ್ತನೆ ಬ್ಲಾಂಕೆಟ್ ಬಹಳಷ್ಟು ಸಲ ಅಕ್ರಿಲಿಕ್ ಇಲ್ಲವೇ ಪಾಲಿಯೆಸ್ಟರ್, ಕರಗಿ ಹಿಡಿದುಕೊಳ್ಳುತ್ತದೆ. ಅನುಮಾನ ಇದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಗಟ್ಟಿ ಮಣಿಯಂತೆ ಉಂಡೆಯಾದರೆ ಅಲ್ಲ.

ಇನ್ನು ದುಂಡನೆ ಅಂಚು ಮಡಿಚಲು ಬಳಸುವ ವೃತ್ತಗಳು. ಇದು ನನಗೆ ತುಂಬಾ ಇಷ್ಟವಾದ ಕೆಲಸ, ಯಾಕಂದರೆ ಉತ್ತರ ಬಳೆ ಡಬ್ಬಿಯಲ್ಲಿದೆ. ಬಳೆಯ ಅಳತೆ 2.4 ಅಂದರೆ ದಶಮಾಂಶ ಅಲ್ಲ, ಎರಡು ಇಂಚು ಮತ್ತು ಇಂಚಿನ ಹದಿನಾರು ಪಾಲಲ್ಲಿ ನಾಲ್ಕು, ಅಂದರೆ ಒಳಗಿನ ಅಗಲ ಎರಡೂಕಾಲು ಇಂಚು. ಈ ಲೆಕ್ಕದಲ್ಲಿ 2.2 ಮತ್ತು 2.10 ಬಳೆಗಳ ನಡುವೆ ಸರಿಯಾಗಿ ಅರ್ಧ ಇಂಚಿನ ವ್ಯತ್ಯಾಸ. ಹಳೆ ಮದುವೆ ಪತ್ರಿಕೆಯ ದಪ್ಪ ಕಾಗದದ ಮೇಲೆ 2.2 ಬಳೆಯ ಒಳಗಿನಿಂದ ಗೆರೆ ಎಳೆದು ಕತ್ತರಿಸಿ. ಬಟ್ಟೆ ಮೇಲೆ 2.10 ಇಟ್ಟು ಹಾಗೇ ಗೆರೆ ಎಳೆಯಿರಿ. ಸುತ್ತ ಕಾಲು ಇಂಚು ಮಡಿಚಲು ತಾನಾಗಿ ಸಿಕ್ಕಿತು! ಚಿನ್ನದ ಬಣ್ಣ ಬಳಿದ ಪತ್ರಿಕೆ ಮಾತ್ರ ಬೇಡ, ಬಿಸಿಗೆ ಬಣ್ಣ ಅಂಟಬಹುದು.

ಬಟ್ಟೆಯ ಅಂಚಿಗೆ ಸಣ್ಣ ಓಟದ ಹೊಲಿಗೆ ಹಾಕಿ, ನಡುವೆ ಕಾಗದ ಇಟ್ಟು ದಾರ ಎಳೆಯಿರಿ. ಬಟ್ಟೆ ಪುಟ್ಟ ಟೋಪಿಯ ಹಾಗೆ ಮುದುಡಿಕೊಳ್ಳುತ್ತದೆ. ಮಡಿಚಿದ ಭಾಗಕ್ಕೆ ಇಯರ್‌ಬಡ್‌ನಲ್ಲಿ ಗಂಜಿ ಸವರಿ, ಒಣಗುವವರೆಗೆ ಇಸ್ತ್ರಿ ಒತ್ತಿ, ಮರದ ತುಂಡಿನ ಕೆಳಗೆ ಆರಲು ಬಿಡಿ. ಪೂರ್ತಿ ತಣ್ಣಗಾದ ಮೇಲೆ ದಾರ ಸಡಿಲಿಸಿ ಕಾಗದ ತೆಗೆಯಿರಿ. ಅಂಚಲ್ಲಿ ಮೂಲೆ ಮೂಲೆಯಾಗಿ ಕಂಡರೆ ಓಟದ ಹೊಲಿಗೆ ದೊಡ್ಡದಾಯಿತು ಅಂತ ಅರ್ಥ.

ಸ್ಪ್ರೇ ಸ್ಟಾರ್ಚ್ ಡಬ್ಬಿಯ ಬದಲು ಅನ್ನ ಬಸಿದ ಗಂಜಿಯನ್ನು ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ ಬಳಸಿ. ಉಪ್ಪು ಹಾಕುವ ಮೊದಲೇ ಎತ್ತಿಟ್ಟುಕೊಳ್ಳಿ. ರಾಗಿ ಗಂಜಿ ನಮಗೆ ಎಷ್ಟೇ ಪ್ರೀತಿ ಇದ್ದರೂ ಅದು ಲೋಟದಲ್ಲೇ ಇರಲಿ. ಕೆಲಸ ಮುಗಿದ ಮೇಲೆ ಕೌದಿಯನ್ನು ಒಮ್ಮೆ ತೊಳೆದುಬಿಡಿ, ಗಂಜಿ ಉಳಿದರೆ ಜಿರಳೆ ಬರುತ್ತವೆ.

ಹೊಲಿಗೆಯನ್ನು ಒತ್ತಿ ಕೂರಿಸುವ ಸೀಮ್ ರೋಲರ್ ಬದಲು ಸ್ಟೀಲ್ ಚಮಚದ ಬೆನ್ನು. ಹೂವಿನ ದೇಟಿಗೆ ಬೇಕಾದ ಕ್ರಾಸ್ ಪಟ್ಟಿ (ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿ) ಮಡಿಚಲು, ಇಸ್ತ್ರಿಗೆ ಹಾಸಿದ ಬಟ್ಟೆಗೆ ಒಂದು ಉದ್ದ ಸೂಜಿ ಚುಚ್ಚಿ, ಅರ್ಧ ಇಂಚು ಮೇಲೆ ಕಾಣುವಂತೆ ಬಿಟ್ಟು ಮತ್ತೆ ಒಳಗಿಳಿಸಿ. ಒಂದಿಂಚಿನ ಪಟ್ಟಿಯ ಎರಡೂ ಅಂಚು ಒಳಗೆ ಮಡಿಚಿ ಆ ಸಂದಿಯಲ್ಲಿ ತೂರಿಸಿ ಮೆಲ್ಲಗೆ ಎಳೆಯುತ್ತಾ, ಹೊರಬಂದ ಕಡೆ ಇಸ್ತ್ರಿ ಒತ್ತುತ್ತಾ ಹೋಗಿ. ಉಜ್ಜಬೇಡಿ, ಎತ್ತಿ ಎತ್ತಿ ಇಡಿ. ಕ್ರಾಸ್ ಬಟ್ಟೆ ಉಜ್ಜಿದರೆ ಹಿಗ್ಗುತ್ತದೆ. ಪ್ಲಾಸ್ಟಿಕ್ ತಲೆಯ ಗುಂಡುಸೂಜಿ ಮಾತ್ರ ಬೇಡ.

ಬಿಸಿಗೆ ಅಂಟುವ ಫ್ಯೂಸಿಂಗ್ ಹಚ್ಚಿ ಹೂವು ಕೂರಿಸುವವರಾದರೆ, ದುಬಾರಿ ಟೆಫ್ಲಾನ್ ಹಾಳೆ ಬದಲು ಕೇಕ್ ಬೇಯಿಸುವ ಪಾರ್ಚ್‌ಮೆಂಟ್ ಕಾಗದ ಸಾಕು. ಬಟರ್ ಪೇಪರ್ ಅಂತ ಕೇಳಿದರೆ ಸ್ಟೇಷನರಿ ಅಂಗಡಿಯವರು ಚಿತ್ರ ನಕಲು ಮಾಡುವ ಕಾಗದ ಕೊಡಬಹುದು. ಅದಕ್ಕೆ ಅಂಟು ಹಿಡಿಯುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲೇ ಕೇಳಿ, ಮೊದಲು ಒಂದು ಚೂರಿನ ಮೇಲೆ ಒತ್ತಿ ನೋಡಿ. ಸುಲಭವಾಗಿ ಬಿಟ್ಟುಕೊಂಡರೆ ಅದೇ ಸರಿಯಾದ ಕಾಗದ.